ಒಂಬತ್ತು ಮುಂಗುಸಿಗಳ ವಂಶಾವಳಿ

ವಿಜಯಪುರದಿಂದ ಸೊಲ್ಲಾಪುರ ರಸ್ತೆ ಹಿಡಿದು ಊರ ಹೊರಗೆ ಬಂದವರಿಗೆ ಎರಡೂ ಬದಿಯಲ್ಲಿ ಎರೆನೆಲ, ಜೋಳದ ಹೊಲ, ನಡುನಡುವೆ ಜಾಲಿಯ ಕಂಟಿ ಕಾಣುತ್ತವೆ. ಬದುವಿನಿಂದ ಬದುವಿಗೆ ಓಡುವ ಬೂದುಬಣ್ಣದ ಮುಂಗುಸಿ ಅಡ್ಡಬಂದರೆ ಒಳ್ಳೆಯ ಶಕುನವೆಂದು ನಮ್ಮ ಜನ ಭಾವಿಸುತ್ತಾರೆ. ಹಾವಿನ ವೈರಿಯೆಂದು ಪಂಚತಂತ್ರದ ಕಾಲದಿಂದಲೂ ಅದು ನಮಗೆ ಪರಿಚಿತ. ಆದರೆ ಈ ಕುಲಕ್ಕೆ ಒಂದು ಇತಿಹಾಸವಿದೆಯೆಂಬುದನ್ನೂ, ಅದು ಸಮುದ್ರದಾಚೆಗೆ ಹರಡಿದೆಯೆಂಬುದನ್ನೂ ಬಲ್ಲವರು ವಿರಳ.

ನಮ್ಮ ಸೀಮೆಯ ಕಾಡುಪ್ರಾಣಿಗಳನ್ನು ಶಾಸ್ತ್ರೀಯವಾಗಿ ಮೊದಲು ಪಟ್ಟಿ ಮಾಡಿದವರಲ್ಲಿ ವಾಲ್ಟರ್ ಎಲಿಯಟ್ ಪ್ರಮುಖನು. 1824ರ ಕಿತ್ತೂರು ಹೋರಾಟದಲ್ಲಿ ರಾಣಿ ಚೆನ್ನಮ್ಮನ ಕೈಗೆ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಲ್ಲಿ ಈತನೂ ಒಬ್ಬ. ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಮೇಲೆ ಈತ ಬರೆದ ಪಟ್ಟಿಯು 1839ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಮುಂದೆ 1915ರಲ್ಲಿ ರಾಟನ್ ಎಂಬ ವಿದ್ವಾಂಸನು ಬೂದು ಮುಂಗುಸಿಯ ಒಂದು ಬಗೆಗೆ ‘ಎಲಿಯಟಿ’ ಎಂದೂ, ಸಿಂಹಳದ ಬಗೆಗೆ ‘ಲಂಕಾ’ ಎಂದೂ ಹೆಸರಿಟ್ಟನು. ಬಣ್ಣ, ಬುರುಡೆ, ಅಳತೆ ಇವೇ ಆಗ ಇದ್ದ ಆಧಾರಗಳು. ಈಗ ಇವೆರಡನ್ನೂ ಒಂದೇ ಜಾತಿಯೊಳಗೆ ಸೇರಿಸಲಾಗಿದೆ. ಹೊರರೂಪವನ್ನು ನೋಡಿ ಕುಲವನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಕಡಲು ದಾಟಿದ ಕಥೆ. ನಮ್ಮ ಬೂದು ಮುಂಗುಸಿಗೆ ಉತ್ತರ ಹಿಂದುಸ್ತಾನದ ಬಯಲಿನಲ್ಲಿ ಒಂದು ಚಿಕ್ಕ ದಾಯಾದಿ ಉಂಟು. 1872ರಲ್ಲಿ ಜಮೈಕಾ ದ್ವೀಪದ ಕಬ್ಬಿನ ತೋಟದ ಒಡೆಯ ಎಸ್ಪ್ಯೂಟ್ ಎಂಬವನು ಇಲಿಗಳ ಕಾಟ ತಾಳಲಾರದೆ ಕಲಕತ್ತೆಯಿಂದ ಈ ಕಿರುಮುಂಗುಸಿಗಳನ್ನು ತರಿಸಿದನು. ಬಂದವು ಒಂಬತ್ತು: ಗಂಡು ನಾಲ್ಕು, ಹೆಣ್ಣು ಐದು. ಅವುಗಳ ಸಂತತಿ ಜಮೈಕಾವನ್ನು ತುಂಬಿ ನೆರೆಯ ದ್ವೀಪಗಳಿಗೂ ಹೋಯಿತು; 1883ರಲ್ಲಿ ಹವಾಯಿಗೂ ತಲುಪಿತು.

ಇದರ ಅರ್ಥವನ್ನು ಒಕ್ಕಲಿಗನು ಬೇಗ ಗ್ರಹಿಸಬಲ್ಲನು. ಹಲವು ತಳಿಯ ಜೋಳ ಬೆರೆತ ಹಗೇವಿನಿಂದ ಒಂದು ಹಿಡಿಯನ್ನು ಮಾತ್ರ ಬೀಜಕ್ಕೆ ತೆಗೆದರೆ, ಆ ಹಿಡಿಗೆ ಬಾರದ ತಳಿ ಆ ಹೊಲದಲ್ಲಿ ಮತ್ತೆ ಕಾಣಿಸದು. ಹವಾಯಿಗೆ ಹೋದದ್ದು ಹಿಡಿಯೊಳಗಿನ ಚಿಟಿಕೆ. ಪ್ರಾಣಿಗಳಲ್ಲಿ ಈ ತಳಿಗುಣವನ್ನು ಹೊರುವ ವಂಶವಾಹಿಗಳ ವಿಷಯವೂ ಹೀಗೆಯೇ. ತಲೆಗಳು ಸಾವಿರವಾಗಬಹುದು, ಕಳೆದುಹೋದ ವೈವಿಧ್ಯ ಅಷ್ಟು ಬೇಗ ಮರಳದು.

ಹೊರರೂಪ ಮಾತ್ರ ಬೇರೆಯೇ ದಾರಿ ಹಿಡಿಯಿತು. ತವರಿನಲ್ಲಿ ದೊಡ್ಡ ಮುಂಗುಸಿಗಳ ನಡುವೆ ಬಾಳುವ ಕಿರುಮುಂಗುಸಿ ಚಿಕ್ಕದಾಗಿಯೇ ಉಳಿದಿದೆ. ಪೈಪೋಟಿಯಿಲ್ಲದ ದ್ವೀಪಗಳಲ್ಲಿ, ನೂರಿನ್ನೂರು ತಲೆಮಾರುಗಳೊಳಗೆ, ಅದರ ಮೈ ಬೆಳೆಯಿತೆಂದು 2000ದ ಅಧ್ಯಯನವೊಂದು ತೋರಿಸಿತು. 2006ರಲ್ಲಿ ವಂಶವಾಹಿಗಳನ್ನೇ ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಹಲವು ಗುಣಭೇದಗಳು ದ್ವೀಪಗಳಲ್ಲಿ ಲುಪ್ತವಾಗಿದ್ದವು. ಆದರೂ ಕೆಲವೆಡೆ ವೈವಿಧ್ಯ ಬಹುಮಟ್ಟಿಗೆ ಉಳಿದಿತ್ತು, ಕೆಲವೆಡೆ ಇಲ್ಲ. ಮೈಯ ಅಳತೆಗೂ ಇದಕ್ಕೂ ಸಂಬಂಧವೇ ಕಾಣಲಿಲ್ಲ. ಅಷ್ಟೇ ಅಲ್ಲ, ತವರಿನ ಒಂದು ಕಿರುಮುಂಗುಸಿಯಲ್ಲಿ ನಮ್ಮ ಬೂದು ಮುಂಗುಸಿಯ ವಂಶವಾಹಿಗಳೂ ಕಂಡುಬಂದವು. ದಾಯಾದಿಗಳ ನಡುವೆ ಎಂದೋ ಬೆರಕೆ ನಡೆದಿರಬಹುದು.

ದ್ವೀಪವಾಸಿಗಳಿಗೆ ಈ ಪ್ರಯೋಗ ದುಬಾರಿಯಾಯಿತು. 1910ರಲ್ಲಿ ಜಪಾನಿನ ಪ್ರಾಣಿಶಾಸ್ತ್ರಜ್ಞ ವತಾಸೆ ಹಾವುಗಳ ನಿಗ್ರಹಕ್ಕೆಂದು ಓಕಿನಾವಾ ದ್ವೀಪಕ್ಕೆ ಕಿರುಮುಂಗುಸಿಗಳನ್ನು ತರಿಸಿದನು. 1979ರಲ್ಲಿ ಸುಮಾರು 30 ಮುಂಗುಸಿಗಳನ್ನು ಅಮಾಮಿ ದ್ವೀಪದಲ್ಲಿ ಬಿಟ್ಟರು. ಅಲ್ಲಿನ ವಿಷದ ಹಾವು ಇರುಳಿನದು, ಮುಂಗುಸಿ ಹಗಲಿನದು; ಹಾವು ಉಳಿಯಿತು, ಅಲ್ಲಿನ ಅಪರೂಪದ ಮೊಲಕ್ಕೆ ಆಪತ್ತು ಬಂದಿತು. ದಶಕಗಳ ಶ್ರಮದ ಬಳಿಕ, 2024ರ ಸೆಪ್ಟೆಂಬರಿನಲ್ಲಿ, ಅಮಾಮಿಯಲ್ಲಿ ಮುಂಗುಸಿ ನಿರ್ಮೂಲವಾಯಿತೆಂದು ಸರಕಾರ ಘೋಷಿಸಿತು.

ಇದೆಲ್ಲ ದೂರದ ಕಡಲಿನ ಸುದ್ದಿಯೆಂದು ಬಯಲುಸೀಮೆಯವರು ನಿಶ್ಚಿಂತರಾಗಿರುವಂತಿಲ್ಲ. ದ್ವೀಪವಾಗಲು ನೀರೇ ಸುತ್ತುವರಿಯಬೇಕೆಂದಿಲ್ಲ. ಇದೇ ರಸ್ತೆ ಮುಟ್ಟುವ ಸೊಲ್ಲಾಪುರದಿಂದಾಚೆ ನಾನ್ನಜದ ಹುಲ್ಲುಗಾವಲಿದೆ. ಅಲ್ಲಿನ ಸಣ್ಣ ನರಿಗಳ ಕೊರಳಿಗೆ ರೇಡಿಯೋ ಕಟ್ಟಿ ಅಭ್ಯಾಸ ಮಾಡಿದ ಸಂಶೋಧಕರು, ಅವು ಹುಲ್ಲುಗಾವಲನ್ನೂ ಬೀಳುಭೂಮಿಯನ್ನೂ ಬಯಸಿ ಸಾಗುವಳಿಯ ನೆಲದಿಂದ ದೂರ ಸರಿಯುತ್ತವೆಂದು ಕಂಡರು. ಅಂಥ ಪ್ರಾಣಿಗೆ ಹೊಲಗಳ ನಡುವೆ ಉಳಿದ ಹುಲ್ಲಿನ ತುಣುಕೇ ದ್ವೀಪ. ತುಣುಕಿನಿಂದ ತುಣುಕಿಗೆ ಹಾದಿ ಮುಚ್ಚಿದರೆ ಪ್ರತಿಯೊಂದರಲ್ಲೂ ಉಳಿಯುವುದು ಒಂದೊಂದು ಹಿಡಿ ಬೀಜ ಮಾತ್ರ.

ಮುಂಗುಸಿಯ ಭಾಗ್ಯ ಇನ್ನೂ ಅಷ್ಟು ಕೆಟ್ಟಿಲ್ಲ. ಅದು ಹೊಲದಲ್ಲಿಯೂ ಬದುಕಬಲ್ಲದು. ಆದರೆ ಬಣ್ಣದ ಕುಂಚಕ್ಕಾಗಿ ಅದರ ಕೂದಲಿನ ಕಳ್ಳವ್ಯಾಪಾರ ಕಾನೂನನ್ನು ಮೀರಿ ನಡೆದುಬಂದಿದೆ. ಜಮೈಕಾಕ್ಕೆ ಒಂಬತ್ತನ್ನು ಕಳಿಸಿದಾಗ ಹಿಂದೆ ತುಂಬಿದ ಹಗೇವಿತ್ತು. ಆ ಹಗೇವು ಇರುವುದು ಇಂಥ ರಸ್ತೆಗಳ ಅಕ್ಕಪಕ್ಕದ ಬದು, ಕಂಟಿ, ಹುಲ್ಲುಗಾವಲುಗಳಲ್ಲಿ. ಇಲ್ಲಿ ಬರಿದಾದರೆ ತಂದು ತುಂಬಲು ಬೇರೊಂದು ತವರು ಇಲ್ಲ.