ಉಣ್ಣೆಗೆ ಕಡಿಮೆ ಶಾಖದಲ್ಲಿ ಬಣ್ಣ: ಪೂರ್ವಸಂಸ್ಕಾರಗಳ ಇತಿಹಾಸ

ಉಣ್ಣೆಗೆ ಬಣ್ಣ ಕಟ್ಟಲು ಬಣ್ಣದ ನೀರನ್ನು ಹೆಚ್ಚುಕಡಿಮೆ 100 ಡಿಗ್ರಿಗೆ ಕಾಯಿಸಿ, ಸುಮಾರು ಒಂದು ಗಂಟೆ ಅದೇ ಶಾಖದಲ್ಲಿ ಇಡುವುದು ರೂಢಿ. ಎಳೆಯ ಮೇಲೆ ಹೆಂಚು ಹೊದಿಸಿದಂತೆ ಕೂತ ಹುರುಪೆಗಳೇ ಇದಕ್ಕೆ ಕಾರಣ. ಅವುಗಳ ಹೊರಮೈಗೆ ಅಂಟಿದ ಕೊಬ್ಬಿನಾಮ್ಲದ ತೆಳುಪದರ ನೀರನ್ನು ದೂರವಿಡುತ್ತದೆ. ಒಳಗಿನ ಪ್ರೋಟೀನನ್ನು ಗಂಧಕದ ಬಂಧಗಳು ಬಿಗಿಹಿಡಿದಿರುತ್ತವೆ. ಶಾಖ ಸಾಲದಿದ್ದರೆ ಬಣ್ಣ ಎಳೆಯ ಅಂಚಿನಲ್ಲೇ ನಿಂತು, ತೊಳೆದಾಗ ಬಿಡುತ್ತದೆ. ಕುದಿಸಿದಷ್ಟೂ ಎಳೆ ಬಲಗುಂದಿ ಹಳದಿಗೆ ತಿರುಗುತ್ತದೆ.

ಬಣ್ಣ ಕಟ್ಟುವ ಮುನ್ನ ಉಣ್ಣೆಯನ್ನು ಹದಮಾಡುವ ಪೂರ್ವಸಂಸ್ಕಾರಗಳಲ್ಲಿ ಈ ತಡೆಯನ್ನು ಮೊದಲು ಒಡೆದದ್ದು ಕ್ಲೋರಿನ್. 19ನೇ ಶತಮಾನದಲ್ಲೇ ಉಣ್ಣೆ ಬಟ್ಟೆಯ ಮೇಲೆ ಅಚ್ಚೊತ್ತುವವರು ಇದನ್ನು ಬಳಸಿದರು. ಕ್ಲೋರಿನ್ ಗಂಧಕದ ಬಂಧಗಳನ್ನು ಕತ್ತರಿಸಿ ಕೊಬ್ಬಿನ ಪದರವನ್ನೂ ಕೀಳುತ್ತದೆ. ಬಣ್ಣ ಬೇಗ ಒಳಹೋಗುತ್ತದೆ. ಬಹಳ ಬೇಗ ಹೋಗುವುದೇ ಅದರ ದೋಷ: ಹದ ತಪ್ಪಿದರೆ ಬಟ್ಟೆಯೆಲ್ಲ ಮಚ್ಚೆ ಮಚ್ಚೆ. ಜೊತೆಗೆ ತ್ಯಾಜ್ಯನೀರಿನಲ್ಲಿ ಕ್ಲೋರಿನ್ ಸೇರಿದ ಸಾವಯವ ವಿಷಗಳು ಉಳಿಯುತ್ತವೆ.

1950ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ಸಂಶೋಧಕರಾದ ಪೀಟರ್ಸ್ ಮತ್ತು ಸ್ಟೀವನ್ಸ್ ಬೇರೆ ದಾರಿ ಹಿಡಿದರು. ಇದು ಪೂರ್ವಸಂಸ್ಕಾರವಲ್ಲ, ಬೆಂಜೈಲ್ ಆಲ್ಕೋಹಾಲಿನಂಥ ದ್ರಾವಕವನ್ನು ಸ್ವಲ್ಪ ಪ್ರಮಾಣದಲ್ಲಿ ಬಣ್ಣದ ನೀರಿಗೇ ಬೆರೆಸಿದರು. ಶಾಖ ಇಳಿಯಿತು, ಆದರೆ ದ್ರಾವಕ ಚರಂಡಿಗೆ ಸೇರುವ ಚಿಂತೆ ಉಳಿಯಿತು.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓ ಸಂಸ್ಥೆಯ ಲೀಡರ್ ಮತ್ತು ರಿಪ್ಪನ್, ಆಲ್ಕೋಹಾಲಿನಲ್ಲಿ ಕರಗಿಸಿದ ಕ್ಷಾರದಿಂದ ಕೊಬ್ಬಿನ ಪದರವನ್ನಷ್ಟೇ ತೆಗೆದು ನೋಡಿದರು. ಬಣ್ಣ ಒಳನುಗ್ಗಿತು. ಬಂಧಗಳನ್ನೆಲ್ಲ ಕತ್ತರಿಸಿ ಎಳೆಯನ್ನು ಕೆಡಿಸುವ ಅಗತ್ಯವಿಲ್ಲ ಎಂದು ತೋರಿಸಿದ ಈ ಪ್ರಯೋಗ ಇಡೀ ಚರಿತ್ರೆಯ ತಿರುವು. ಅದೇ ಸಂಸ್ಥೆ ಮುಂದೆ ರೂಪಿಸಿದ ಸಿರೋಲಾನ್ ಎಲ್‌ಟಿಡಿ ವಿಧಾನದಲ್ಲಿ ಉಣ್ಣೆಯನ್ನು ಮೊದಲು ಮಾರ್ಜಕ ಗುಣದ ರಾಸಾಯನಿಕದಲ್ಲಿ ಹದಮಾಡಿ, ಆಮೇಲೆ ಕುದಿಸದೆಯೇ ಬಣ್ಣ ಕಟ್ಟುತ್ತಾರೆ. ಪ್ರೋಟೀನು ಕರಗಿಸುವ ಕಿಣ್ವಗಳ ಪ್ರಯೋಗಗಳೂ ನಡೆದಿವೆ. ಕಿಣ್ವ ಅಳತೆ ಮೀರಿದರೆ ಎಳೆಯನ್ನೇ ತಿನ್ನುತ್ತದೆ.

ಹೊಸಪೇಟೆ, ಸಂಡೂರು, ಕಂಪ್ಲಿ ಸೇರಿದ ಹಳೆಯ ಬಳ್ಳಾರಿ ಸೀಮೆಯ ಕಂಬಳಿಗೆ ಬಣ್ಣ ಕಟ್ಟುವ ಈ ತಾಪತ್ರಯ ಬಂದದ್ದೇ ಕಡಿಮೆ. ಕುರುಬರು ಕರಿಕುರಿಯ ಉಣ್ಣೆಯನ್ನು ಹಾಗೇ ನೂತು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ನೇಯುತ್ತಾರೆ. ಅಂಚಿನ ಬಿಳಿಯೂ ಕುರಿಯದೇ. ಬಿಳಿಯುಣ್ಣೆಗೆ ಬಣ್ಣ ಕಟ್ಟಹೊರಟರೆ ಮಾತ್ರ ಇನ್ನೊಂದು ತೊಡಕು ಎದುರಾಗುತ್ತದೆ. ಇಲ್ಲಿನ ಒರಟು ಉಣ್ಣೆಯಲ್ಲಿ ನಡು ಟೊಳ್ಳಾದ ಎಳೆಗಳು ಹೆಚ್ಚು. ಒಂದೇ ಕೊಪ್ಪರಿಗೆಯಲ್ಲಿ ಅದ್ದಿದರೂ ಅವು ಉಳಿದವಕ್ಕಿಂತ ತೆಳುಬಣ್ಣವಾಗಿ ಕಾಣುತ್ತವೆ, ಏಕೆಂದರೆ ಟೊಳ್ಳು ಬೆಳಕನ್ನು ಚದುರಿಸುತ್ತದೆ. ಪೂರ್ವಸಂಸ್ಕಾರ ಹುರುಪೆಯ ಮೇಲೆ ಕೆಲಸ ಮಾಡುವುದರಿಂದ ಈ ವ್ಯತ್ಯಾಸವನ್ನು ಅದು ಅಳಿಸಲಾರದು. ಎಳೆಗಳನ್ನು ವಿಂಗಡಿಸಿಯೇ ನೂಲಬೇಕು.