ಕಥೆಗೆ ಬಂದ ಮೊಲ, ವೈದ್ಯಕ್ಕೆ ಬಾರದ ಮೊಲ

ವಿಜಯನಗರ ಹುಟ್ಟಿದ ಕಥೆಯಲ್ಲೊಂದು ಮೊಲವಿದೆ. ಬೇಟೆನಾಯಿಗಳು ಅಟ್ಟಿಸಿಕೊಂಡು ಬಂದಾಗ ಅದು ಓಡದೆ ತಿರುಗಿ ನಿಂತು ನಾಯಿಗಳನ್ನೇ ಕಚ್ಚಿತಂತೆ. 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಆನೆಗೊಂದಿಯ ಅರಸ ಹೊಳೆ ದಾಟಿ ಬೇಟೆಗೆ ಬಂದಾಗ ಇದನ್ನು ಕಂಡ. ತಪಸ್ವಿಯೊಬ್ಬರು ಅಲ್ಲಿಯೇ ಪಟ್ಟಣ ಕಟ್ಟಲು ಹೇಳಿದರು. ಇಂಥ ಕಥೆ ಬೇರೆ ಊರುಗಳಿಗೂ ಇರುವುದರಿಂದ ಇದನ್ನು ಚರಿತ್ರೆ ಎನ್ನಲಾಗದು. ನೂನಿಜ್‌ಗಿಂತ ಕೆಲವೇ ವರ್ಷ ಮೊದಲು ಬಂದ ಪಾಯಸ್ ಕಂಡ ಮೊಲಗಳ ಪಾಡೇ ಬೇರೆ. ಅವನ್ನು ಜೀವಂತವಾಗಿ, ಬಲು ಅಗ್ಗಕ್ಕೆ, ಪೇಟೆಯಲ್ಲಿ ಮಾರುತ್ತಿದ್ದರು.

ಆ ಕಾಲದಲ್ಲಿ ಆರೈಕೆ ಯಾರ ಪಾಲಿಗಿತ್ತು? 1443ರಲ್ಲಿ ಬಂದ ಅಬ್ದುರ್ ರಜಾಕ್ ಆನೆಗಳ ಊಟವನ್ನು ವರ್ಣಿಸಿದ್ದಾನೆ. ಬೇಯಿಸಿದ ಕಿಚಡಿಗೆ ಉಪ್ಪು, ಸಕ್ಕರೆ ಬೆರೆಸಿ, ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ಒಂದು ಪದಾರ್ಥ ಮರೆತರೂ ಆನೆ ಮಾವುತನ ಮೇಲೇ ಬೀಳುತ್ತಿತ್ತಂತೆ. ಕುದುರೆಯ ಬೆಲೆ ಇನ್ನೂ ವಿಚಿತ್ರ. ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ, ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯಷ್ಟೇ ಹಣ ಕೊಡುತ್ತಿದ್ದನೆಂದು ನೂನಿಜ್ ಹೇಳುತ್ತಾನೆ.

ಶಾಸ್ತ್ರವೂ ಇದೇ ದಾರಿ ಹಿಡಿಯಿತು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಅದರಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಸುಮಾರು 1400ರಲ್ಲಿ ಅಭಿನವಚಂದ್ರ 'ಅಶ್ವವೈದ್ಯ' ಬರೆದ. ಹೊಲ ಉಳುವ, ಯುದ್ಧಕ್ಕೆ ಹೋಗುವ ಪ್ರಾಣಿಗೆ ಗ್ರಂಥ ಸಿಕ್ಕಿತು. ಮೊಲಕ್ಕೆ ಸಿಕ್ಕಿದ್ದು ಒಂದು ಕಥೆ.

ಈ ವ್ಯತ್ಯಾಸ ನನಗೆ ನಾಟಿದ್ದು ಹೊಸಪೇಟೆಯ ಬೇಸಿಗೆಯಲ್ಲಿ, ಮನೆಯ ಮೊಲ ಊಟ ಬಿಟ್ಟಾಗ. ಸಾಕುಮೊಲ ನಮ್ಮ ಸಂಡೂರು ಗುಡ್ಡದ ಕಾಡುಮೊಲವಲ್ಲ. ಕಾಡುಮೊಲದ ಮರಿ ಕಣ್ಣು ತೆರೆದುಕೊಂಡು, ಮೈತುಂಬ ಕೂದಲಿನೊಂದಿಗೆ ಬಯಲಲ್ಲೇ ಹುಟ್ಟುತ್ತದೆ. ಸಾಕುಮೊಲದ ಮರಿ ಬರಿಮೈಯಲ್ಲಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಇದರ ಮೂಲ ಸ್ಪೇನ್, ಪೋರ್ಚುಗಲ್ ಸೀಮೆ. ಪಾಯಸ್, ನೂನಿಜರ ನಾಡು. ಆ ತಂಪು ನೆಲದ ಪ್ರಾಣಿಗೆ ನಮ್ಮ ನಲವತ್ತು ಡಿಗ್ರಿ ಬಿಸಿಲು ತಡೆಯದು.

ಮೊಲ ವಾಂತಿ ಮಾಡಲಾರದು. ಅದರ ಕರುಳು ಸದಾ ನಡೆಯುತ್ತಿರಬೇಕು. ಅರ್ಧ ದಿನ ತಿನ್ನದಿದ್ದರೆ ಪ್ರಾಣಕ್ಕೇ ಅಪಾಯ. ಪಕ್ಕದ ಮನೆಯ ಕುರಿ ಸಾಕುವ ಅಜ್ಜ, "ಗೊಟ್ಟ ಹಾಕ್ರಿ, ಸರಿ ಹೋಗ್ತತಿ" ಎಂದ. ದನಕ್ಕೆ ಬಿದಿರಿನ ಗೊಟ್ಟದಲ್ಲಿ ಮದ್ದು ಹೊಯ್ಯುವುದು ಇಲ್ಲಿನ ಹಳೆಯ ಪದ್ಧತಿ. ಆದರೆ ಮೊಲದ ಬಾಯಿಗೆ ಹಾಗೆ ಸುರಿದರೆ ಮದ್ದು ಶ್ವಾಸಕೋಶಕ್ಕೆ ಇಳಿದೀತು. ದವಾಖಾನೆಯ ವೈದ್ಯರು ಇನ್ನೊಂದು ಮಾತು ಹೇಳಿದರು: ಮನುಷ್ಯರಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಔಷಧಿ ಇದರ ಬಾಯಿಗೆ ಬಿದ್ದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು. ಅವರು ಬರೆದುಕೊಟ್ಟದ್ದನ್ನು ಟವೆಲಿನಲ್ಲಿ ಸುತ್ತಿದ ಮೊಲಕ್ಕೆ, ಸೂಜಿ ತೆಗೆದ ಸಿರಿಂಜಿನಿಂದ, ಮುಂಹಲ್ಲಿನ ಹಿಂದಿನ ಸಂದಿಯಲ್ಲಿ ಹನಿಹನಿಯಾಗಿ ಕೊಟ್ಟೆ. ಪ್ರತಿ ಹನಿ ನುಂಗುವವರೆಗೆ ಕಾಯಬೇಕಿತ್ತು. ಕಂಪ್ಲಿಯ ಗೆಳೆಯ ಗದ್ದೆಬದುವಿನ ಗರಿಕೆ ತಂದ. ಮೂರನೆಯ ದಿನ ಗೂಡಿನಲ್ಲಿ ನಾಲ್ಕು ಹಿಕ್ಕೆ ಕಂಡವು. ಅಷ್ಟು ಸಣ್ಣದಕ್ಕೆ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಹಂಪಿಗೆ ಹೋದವರು ಗಜಶಾಲೆಯ ಹನ್ನೊಂದು ಕೋಣೆಗಳನ್ನು ನೋಡದೆ ಬರುವುದಿಲ್ಲ. ಹಜಾರ ರಾಮನ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆಗಳ ಸಾಲು ಇದೆ. ಕುದುರೆಗಳ ಪಕ್ಕದಲ್ಲೇ ಅವನ್ನು ಹಿಡಿದು ನಡೆಸುವ ಆಳುಗಳಿದ್ದಾರೆ. ಪ್ರಾಣಿಯ ಬೆಲೆ ಎಷ್ಟೆಂದು ಪ್ರವಾಸಿಗರು ಬರೆದರು. ಅದು ಮೇವು ಬಿಟ್ಟ ರಾತ್ರಿ ಎದ್ದು ಕೂತವರು ಆ ಆಳುಗಳೇ ಇರಬೇಕು. ಮುಂದಿನ ಸಲ ಹೋದಾಗ ಕುದುರೆಯನ್ನಷ್ಟೇ ನೋಡದೆ, ಅದರ ಲಗಾಮು ಹಿಡಿದ ಕೈಯನ್ನೂ ನೋಡಿ.