ಕೊಲ್ಲಿಯ ಗಾಳಿ, ಕಾಲುವೆಯ ಭತ್ತ

ಚಂಡಮಾರುತದ ಚರಿತ್ರೆ ಎಂದರೆ ಕರಾವಳಿಯದು ಎಂಬ ರೂಢಿ ನಮ್ಮಲ್ಲಿದೆ. ಆದರೆ ಕೊಪ್ಪಳ ಸೀಮೆಯ ರೈತರಿಗೂ ಹಿಂಗಾರಿನ ದಿನಗಳಲ್ಲಿ ಬಂಗಾಳ ಕೊಲ್ಲಿಯ ಸುದ್ದಿ ಬೇಕೇ ಬೇಕು. ಆಂಧ್ರದ ಬಾಪಟ್ಲ ಹೆಚ್ಚುಕಡಿಮೆ ಕೊಪ್ಪಳದ ನೇರಕ್ಕೇ, ಸುಮಾರು 450 ಕಿ.ಮೀ. ಪೂರ್ವದಲ್ಲಿದೆ. ಅಲ್ಲಿ ದಡ ಹತ್ತಿದ ಗಾಳಿ ಪಶ್ಚಿಮಕ್ಕೆ ಸರಿದರೆ, ಇಲ್ಲಿಗೆ ಮುಟ್ಟುವಷ್ಟರಲ್ಲಿ ಅದರ ಸೊಕ್ಕಡಗಿ ಮೋಡ, ಮಳೆ ಮಾತ್ರ ಉಳಿದಿರುತ್ತವೆ. ಆ ಮಳೆ ವರವೋ ಕೇಡೋ ಎಂಬ ಎಣಿಕೆ 1953ರ ಈಚೆಗೆ ಎರಡಾಗಿ ಒಡೆದಿದೆ ಎಂಬುದು ನನ್ನ ವಾದ.

ಮಳೆಯ ಊಹೆ ಕನ್ನಡಕ್ಕೆ ಹೊಸದಲ್ಲ. ಸುಮಾರು 1300ರಲ್ಲಿ ಜೈನ ಕವಿ ಅರ್ಹದ್ದಾಸ ಬರೆದ ‘ರಟ್ಟಮತ’ ಮಳೆ, ಮಿಂಚು, ಗ್ರಹಗಳ ಲಕ್ಷಣ ಹೇಳುವ ಗ್ರಂಥ. ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ಮಳೆಯ ನಕ್ಷತ್ರ ಎಣಿಸುವ ಒಕ್ಕಲಿಗನಿಗೆ ಕಡಲಿನ ಗೊಡವೆ ಇರಲಿಲ್ಲ. ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿದ ಒಂದೇ ಸಾಲಿನಲ್ಲಿ ಮಳೆಬೆಳೆಯ ಭವಿಷ್ಯ ಹುಡುಕಿ ಜನ ಇವತ್ತಿಗೂ ಜಗ್ಗಾಡುತ್ತಾರೆ.

ಕಡಲಿನ ವಿದ್ಯೆ ಬೆಳೆದದ್ದು ಕಲ್ಕತ್ತೆಯಲ್ಲಿ. ಅಲ್ಲಿ ಹೆನ್ರಿ ಪಿಡಿಂಗ್ಟನ್ 1848ರಲ್ಲಿ ‘ಸೈಕ್ಲೋನ್’ ಎಂಬ ಹೆಸರನ್ನು ಬಳಕೆಗೆ ತಂದದ್ದು ಹಡಗಿನವರಿಗಾಗಿ. 1864ರ ಚಂಡಮಾರುತ ಮತ್ತು ಆಮೇಲಿನ ಬರಗಾಲಗಳ ಬೆನ್ನಿಗೆ, 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು. ನಿಜಾಮರ ಸಂಸ್ಥಾನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದ ಕೊಪ್ಪಳ, ಯಲಬುರ್ಗಾದಂಥ ಒಳನಾಡಿಗೆ ಈ ವಿದ್ಯೆ ಸುಲಭಕ್ಕೆ ಇಳಿಯಲಿಲ್ಲ. ಕಚೇರಿಯ ಅಂಗಳದ ಮಳೆಮಾಪಕದಿಂದ ಬೆಳಿಗ್ಗೆ 8.30ಕ್ಕೆ ನೀರು ಅಳೆದು ಬರೆಯುವುದು ಬಿದ್ದ ಮಳೆಯ ಲೆಕ್ಕವೇ ಹೊರತು ಬರುವ ಮಳೆಯದ್ದಲ್ಲ.

ತುಂಗಭದ್ರೆಯ ನೀರು 1953ರಲ್ಲಿ ಕಾಲುವೆಗೆ ಬಿತ್ತು. ಗಂಗಾವತಿ ಭತ್ತದ ನಾಡಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ತುಫಾನಿನ ಭಯವನ್ನೂ ಅವರೇ ಹೊತ್ತು ತಂದರೆಂದು ನನ್ನ ಊಹೆ. ನವೆಂಬರಿನಲ್ಲಿ ಭತ್ತ ಕೊಯ್ಲಿಗೆ ನಿಂತಿರುತ್ತದೆ. ಮೋಡ ಕವಿದರೆ ತೆನೆ ನೆಲಕಚ್ಚೀತೆಂದು ಕೊಯ್ಲಿನ ಯಂತ್ರಕ್ಕೆ ಓಡಾಟ, ರಸ್ತೆಯಲ್ಲಿ ಹರವಿದ ರಾಶಿಗೆ ತಾಡಪಲ್ ಹುಡುಕಾಟ. 2021ರ ನವೆಂಬರಿನಲ್ಲಿ ಆದದ್ದು ಇದೇ. ಅತ್ತ ಕುಷ್ಟಗಿ, ಯಲಬುರ್ಗಾದ ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆಗೆ ಅಕ್ಟೋಬರಿನಲ್ಲಿ ಅದೇ ಕೊಲ್ಲಿಯ ವಾಯುಭಾರ ಕುಸಿತ ಹಸಿ ತುಂಬಿಕೊಡಬೇಕು. ಕಡಲೆ ಹೂವಾಡಿದ ಮೇಲೆ ಬಂದರೆ ಮಾತ್ರ ಗಿಡದ ಮೇಲಿನ ಹುಳಿ ತೊಳೆದುಹೋಯಿತೆಂಬ ಗೋಳು.

ನಮ್ಮ ಕಡಲುಗಳ ಗಾಳಿಗೆ ಹೆಸರಿಡುವ ಪದ್ಧತಿ ಶುರುವಾದದ್ದು 2004ರಲ್ಲಿ. ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರಷ್ಟೇ ಹೆಸರು. ಹೆಸರು ಬಂತೆಂದರೆ ಸುದ್ದಿವಾಹಿನಿಗಳಿಗೆ ಹಬ್ಬ. ಆದರೆ ಉತ್ತರ ಕರ್ನಾಟಕವನ್ನು ಮುಳುಗಿಸಿದ 2009ರ ಮಳೆಗೆ ಹೆಸರೇ ಇರಲಿಲ್ಲ. ಬರದಿಂದ ಕಂಗೆಟ್ಟಿದ್ದ ವರ್ಷ ಅದು. ಸೆಪ್ಟೆಂಬರ್ ಕೊನೆಗೆ ಕೊಲ್ಲಿಯ ವಾಯುಭಾರ ಕುಸಿತ ಸುರಿಸಿದ ಮಳೆಗೆ ಮಣ್ಣಿನ ಮಾಳಿಗೆಗಳು ಕುಸಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹೆಸರುಳ್ಳ ‘ಮಿಚಾಂಗ್’ 2023ರ ಡಿಸೆಂಬರ್ 5ರಂದು ಬಾಪಟ್ಲದ ಬಳಿಯೇ ದಡ ಹತ್ತಿತು. ಕರ್ನಾಟಕ ಬರದಲ್ಲಿದ್ದ ಆ ವರ್ಷ ಅದು ತಿರುಗಿದ್ದು ಉತ್ತರಕ್ಕೆ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಈಗ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ‘ವರುಣ ಮಿತ್ರ’ ಸಹಾಯವಾಣಿಗೆ ಫೋನು ಮಾಡಿ ಮಳೆಯ ಮುನ್ಸೂಚನೆ ಕೇಳಬಹುದು. ಆದರೂ ಹವಾಮಾನ ಇಲಾಖೆಯ ನಕ್ಷೆಯಲ್ಲಿ ಗಾಳಿಯ ಗೆರೆ, ಅದು ದಡ ದಾಟಿ ಬಲಗುಂದಿದ ಕಡೆಗೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದು ಎತ್ತ ಹೊರಳೀತು ಎಂಬುದು ಗಂಗಾವತಿಗೂ ಯಲಬುರ್ಗಾಕ್ಕೂ ಬೇಕಾದ ಪ್ರಶ್ನೆ.